ಹಡಗಿಗೆ ಒಯ್ದ ಮಡಿಲಕ್ಕಿ

ಬೆಸಗರಹಳ್ಳಿ

ನಮ್ಮ ಕಡೆ ಹರಕೆ ಹೊತ್ತವರು ಬೆಟ್ಟ ಹತ್ತುತ್ತಾರೆ, ಮುಡಿ ಕೊಡುತ್ತಾರೆ, ಕೋಳಿ ಕುರಿ ಒಪ್ಪಿಸುತ್ತಾರೆ. ನಮ್ಮತ್ತೆ ಚಿಕ್ಕತಾಯಮ್ಮ ಹೋಗಿ ಹೋಗಿ ಒಂದು ಯುದ್ಧದ ಹಡಗಿಗೆ ಹರಕೆ ಹೊತ್ತರು. ದೇವರಿಗೆ ಹೊತ್ತಿದ್ದರೆ ಬೆಳಗಿನ ಬಸ್ಸಿಗೆ ಹೋಗಿ ತೀರಿಸಿ ಸಂಜೆಗೆ ಮನೆ ಸೇರಬಹುದಿತ್ತು. ದೇವರು ಗುಡಿಯಲ್ಲಿರುತ್ತಾನೆ. ಹಡಗು ಎಲ್ಲಿರುತ್ತದೆ ಅಂತ ಯಾರನ್ನು ಕೇಳುವುದು?

ಇದಕ್ಕೆಲ್ಲ ಕಾರಣ ನಾನೇ. ಈಗ ಮದ್ದೂರಿನಲ್ಲಿ ನರ್ಸಾಗಿರುವ ನಾನು ಮದುವೆಯಾದ ಹೊಸದರಲ್ಲಿ ಅರಬ್ಬರ ನಾಡಿನ ಬಂದರು ಏಡನ್ನಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಯುದ್ಧ ಶುರುವಾಯಿತು. ಮೊದಲು ಕರೆಂಟು ಹೋಯಿತು, ಆಮೇಲೆ ನೀರು, ಆಮೇಲೆ ಫೋನು. ನಮ್ಮ ದೇಶದ ಹಡಗು ಬಂದಿದೆ ಎಂದು ಯಾರೋ ಹೇಳಿದಾಗ ನಾವು ನಂಬಲಿಲ್ಲ. ಬಂದರಿನ ಸುತ್ತ ಗುಂಡು ಹಾರುತ್ತಿದ್ದುದರಿಂದ ಅದು ಒಳಗೆ ಬಾರದೆ ದೂರದಲ್ಲಿ ನಿಂತಿತ್ತು. ಮೀನು ಹಿಡಿಯುವ ದೋಣಿಗಳಲ್ಲಿ ನಮ್ಮನ್ನು ಅಲ್ಲಿಗೆ ಒಯ್ದರು. ಸಂಜೆಯ ಬೆಳಕಿನಲ್ಲಿ ನೀರಿನಿಂದ ಒಂದು ಬೂದು ಗೋಡೆ ಎದ್ದು ನಿಂತ ಹಾಗಿತ್ತು. ಗೋಡೆಗೆ ಹಗ್ಗದ ಏಣಿ ಇಳಿಬಿಟ್ಟಿದ್ದರು. ಮೇಲಿನಿಂದ ಯಾರೋ, ‘ದೀದಿ, ಕೆಳಗೆ ನೋಡಬೇಡಿ’ ಎಂದು ಹಿಂದಿಯಲ್ಲಿ ಕೂಗಿದರು. ನಾನು ನೋಡಲಿಲ್ಲ. ಬೆಳಗಾದಾಗ ಸಮುದ್ರದಾಚೆಯ ಜಿಬೂಟಿಯಲ್ಲಿ ನಮ್ಮನ್ನು ಇಳಿಸಿ, ಉಳಿದವರನ್ನು ಕರೆತರಲು ಹಡಗು ತಿರುಗಿ ಹೋಯಿತು.

ಇತ್ತ ಬೆಸಗರಹಳ್ಳಿಯಲ್ಲಿ ಅತ್ತೆ ಟಿ.ವಿ. ಮುಂದೆ ಕೂತವರು ಎದ್ದಿರಲಿಲ್ಲವಂತೆ. ತೆರೆಯ ಮೇಲೆ ಆ ಹಡಗು ಒಂದು ಗಳಿಗೆ ಕಂಡಿದ್ದೇ ತಡ, ಎರಡೂ ಕೈ ಮುಗಿದು, ‘ತಾಯೀ, ನನ್ ಸೊಸೇನ ದಡ ಸೇರ್ಸ್‌ಬುಡು. ನೀನೆಲ್ಲಿದ್ರೂ ಉಡುಕ್ಕೊಂಡು ಬಂದು ನನ್ ಕೈಯಾರೆ ಮಡ್ಲಕ್ಕಿ ಕಟ್ತೀನಿ’ ಅಂದರಂತೆ. ಪತ್ರಿಕೆಯವರು ಆ ಹಡಗನ್ನು ವಿಧ್ವಂಸಕ ನೌಕೆ ಎಂದು ಬರೆಯುತ್ತಾರೆ. ಡಿಸ್ಟ್ರಾಯರ್. ನಮ್ಮತ್ತೆಗೆ ಅದು ತಾಯಿ. ಯಾರು ಸರಿ ಅಂತ ನಾನು ಹೇಳಲಾರೆ, ನಾನು ಅದರ ಹೊಟ್ಟೆಯಲ್ಲಿ ಮಲಗಿ ಬಂದವಳು.

ಅವತ್ತಿನಿಂದ ಮನೆಯಲ್ಲಿ ಏನೇ ಕೆಟ್ಟರೂ ಹರಕೆಯದೇ ತಪ್ಪು. ಹಸು ದಿನ ತುಂಬದೆ ಕಂದು ಹಾಕಿದರೂ ಅದೇ, ಬೋರಿನ ಮೋಟಾರು ಸುಟ್ಟರೂ ಅದೇ. ಅತ್ತೆಯ ಮಂಡಿ ಹಿಡಿದುಕೊಂಡಾಗ ನಾನು ಮಾತ್ರೆ ಕೊಟ್ಟರೆ, ‘ಮಾತ್ರೆಗೆ ಓಗಾದಲ್ಲ ಕಣಮ್ಮಿ ಇದು. ಒತ್ತ ಅರಕೆ ತೀರ್ಸ್‌ದೆ ಕುಂತಿವ್ನಿ, ಅದು ಸುಮ್ಕಿರ್ತದಾ?’ ಎನ್ನುವರು. ಒಮ್ಮೆ ಮುಂಬೈಗೂ ಹೋಗಿ ಬಂದೆವು. ಹಡಗು ಸಮುದ್ರಕ್ಕೆ ಹೋಗಿದೆ ಎಂದು ಗೇಟಿನಲ್ಲಿ ಹೇಳಿದರು. ವಾಪಸು ರೈಲಿನಲ್ಲಿ ಅತ್ತೆ ನಮ್ಮೂರ ಹತ್ತಿರದ ಹನಕೆರೆ ಸ್ಟೇಷನ್ ಬರುವವರೆಗೂ ನನ್ನ ಜೊತೆ ಮಾತಾಡಲಿಲ್ಲ, ನಾನೇ ಹಡಗನ್ನು ಅಟ್ಟಿದೆನೇನೋ ಅನ್ನುವ ಹಾಗೆ.

ಈ ವರ್ಷ ಸುದ್ದಿ ಬಂತು. ಹಡಗಿಗೆ ವಯಸ್ಸಾಗಿದೆ, ನಿವೃತ್ತಿಗೆ ಮೊದಲು ಕೊನೆಯ ಸುತ್ತು ಹೊರಟಿದೆ, ಜಿಬೂಟಿಯಲ್ಲಿ ಕೆಲವು ದಿನ ತಂಗುತ್ತದೆ ಎಂದು. ನಾನು ಓದಿ ಹೇಳಿದೆ.

‘ಆಮ್ಯಾಕೆ ಏನ್ ಮಾಡ್ತಾರೆ ಅದ್ನ?’

‘ಒಡೆದು ಗುಜರಿಗೆ ಹಾಕ್ತಾರೆ ಅತ್ತೆ.’

ಅತ್ತೆ ಕಾಫಿ ಲೋಟ ಕೆಳಗಿಟ್ಟರು. ‘ಗುಜರೀಗಾ? ನಿನ್ನ ಒತ್ಕೊಂಡ್ ಬಂದಿದ್ದನ್ನ? ಏಳು, ಓಗನ. ನನ್ನ ಅರಕೆ ಗುಜ್ರಿ ಪಾಲಾಗದು ಬ್ಯಾಡ.’

ನಮ್ಮ ಮನೆಯವರು ಮಗಳನ್ನೂ ಹಸುವನ್ನೂ ನೋಡಿಕೊಳ್ಳಲು ಒಪ್ಪಿದರು. ಚೀಲ ಕಟ್ಟುವಾಗ ಅತ್ತೆ ಒಂದು ಕೆಂಪು ವಸ್ತ್ರದಲ್ಲಿ ಅಕ್ಕಿ, ಒಂದು ದಪ್ಪ ತೆಂಗಿನಕಾಯಿ, ಎರಡು ಅಚ್ಚುಬೆಲ್ಲ, ಎಲೆ ಅಡಿಕೆ, ಅರಿಶಿನದ ಕೊಂಬು, ಹಸಿರು ರವಿಕೆ ಕಣ ಜೋಡಿಸುವುದನ್ನು ನೋಡುತ್ತ ನಿಂತೆ. ನನ್ನ ತವರು ಮಳವಳ್ಳಿ. ಅಪ್ಪ ಮೊದಲೇ ಹೋಗಿದ್ದರು. ಅವ್ವ ಹೋದ ಮೇಲೆ ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ, ಅಣ್ಣತಮ್ಮಂದಿರೂ ಇಲ್ಲ. ಅವ್ವ ಕೊನೆಯ ಸಲ ಕಟ್ಟಿದ ಮಡಿಲಕ್ಕಿಯ ತೂಕ ನನ್ನ ಸೆರಗಿಗೆ ಇನ್ನೂ ನೆನಪಿದೆ. ಅದಾದ ಮೇಲೆ ಯಾರೂ ಕಟ್ಟಿಲ್ಲ. ಹಬ್ಬದಲ್ಲಿ ಯಾರಾದರೂ ‘ತವರಿಗೆ ಓಗಕಿಲ್ವಾ ಬಾಗ್ಯ?’ ಎಂದರೆ ‘ನನ್ನ ತವರು ಸಮುದ್ರದಲ್ಲಿ ತಿರುಗಾಡ್ತಾ ಐತೆ’ ಎಂದು ನಗಿಸಿಬಿಡುತ್ತೇನೆ. ನಗಿಸದಿದ್ದರೆ ಅಳು ಬರುತ್ತದೆ.

ಅಡಿಸ್ ಅಬಾಬಾ

ವಿಮಾನ ಬದಲಿಸುವ ಊರು. ಅಲ್ಲಿ ಒಬ್ಬಳು ಹೆಂಗಸು ನೆಲಕ್ಕೆ ಹಸಿರು ಹುಲ್ಲು ಹಾಸಿ, ಸಣ್ಣ ಮಣೆಯ ಮೇಲೆ ಕೂತು, ಉದ್ದ ಕತ್ತಿನ ಕಪ್ಪು ಮಡಕೆಯಿಂದ ಎತ್ತರದಿಂದ ಕಾಫಿ ಸುರಿಯುತ್ತಿದ್ದಳು. ಪಕ್ಕದಲ್ಲಿ ಧೂಪ. ಅತ್ತೆ ಚಪ್ಪಲಿ ಬಿಟ್ಟು ಹೋಗಿ ಕೂತರು. ದೇವಸ್ಥಾನ ಅಂದುಕೊಂಡರೋ ಏನೋ, ನಾನು ತಿದ್ದಲು ಹೋಗಲಿಲ್ಲ.

ಒಂದು ಗುಟುಕು ಕುಡಿದು ಮುಖ ಕಿವುಚಿ, ‘ಬೆಲ್ಲ ಎಲ್ಲಮ್ಮಿ?’ ಎಂದರು.

‘ನಿಮ್ಮ ಚೀಲದಲ್ಲಿದೆಯಲ್ಲ.’

‘ಥೂ, ಅದು ಮಡ್ಲಕ್ಕಿದು. ಮುಟ್ದಿಯೆ!’ ಎಂದು ಗದರಿ, ಸೊಂಟದ ಸಂಚಿಯಿಂದ ಬೇರೆಯೇ ಒಂದು ಚೂರು ತೆಗೆದು ಲೋಟಕ್ಕೆ ಹಾಕಿಕೊಂಡರು. ಇನ್ನೊಂದು ಚೂರನ್ನು ಆ ಹೆಂಗಸಿಗೆ ಕೊಟ್ಟರು. ಅವಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಇಬ್ಬರೂ ಹಾಗೇ ಕೂತಿದ್ದರು. ಹೊರಗೆ ಮೋಡದೊಳಗೆ ವಿಮಾನಗಳು ಬಂದು ಇಳಿಯುತ್ತಿದ್ದವು. ನಾನು ಬೇಗ ಬನ್ನಿ ಬೇಗ ಬನ್ನಿ ಎಂದು ಕೂಗಬೇಕಾಯಿತು.

ಜಿಬೂಟಿ

ವಿಮಾನದ ಬಾಗಿಲು ತೆರೆದಾಗ ಆಲೆಮನೆಯ ಒಲೆಯ ಮುಂದೆ ನಿಂತ ಹಾಗೆ ಬಿಸಿ ಬಡಿಯಿತು. ಸುಂಕದವನು ಅಚ್ಚುಬೆಲ್ಲ ಎತ್ತಿ ಮೂಸಿದ, ಮೇಜಿಗೆ ತಟ್ಟಿದ, ನನ್ನ ಮುಖ ನೋಡಿದ. ನಾನು ಏಡನ್ನಿನಲ್ಲಿ ಕಲಿತ ಅರಬ್ಬಿಯಲ್ಲಿ ಕಬ್ಬು, ರಸ, ಒಲೆ ಎಂದು ಏನೇನೋ ಒದರಿದೆ. ಅತ್ತೆಗೆ ತಾಳ್ಮೆ ಸಾಲದೆ ಸಂಚಿಯಲ್ಲಿದ್ದ ಚೂರನ್ನು ಅವನ ಅಂಗೈಯಲ್ಲೇ ಇಟ್ಟು ‘ತಿನ್ಲಾ’ ಎಂದರು. ತಿಂದ. ಅಲ್ಲಿಗೆ ಸುಂಕದ ಕೆಲಸ ಮುಗಿಯಿತು.

ನಾವು ಉಳಿದದ್ದು ಸಲ್ಮಾ ಎಂಬವಳ ಮನೆಯ ಮಾಳಿಗೆಯಲ್ಲಿ. ಕೆಳಗೆ ಅವಳ ಮೀನಿನ ಹೋಟೆಲು. ಮೀನನ್ನು ಬೆನ್ನಿನಿಂದ ಸೀಳಿ, ಖಾರ ಮೆತ್ತಿ, ಮಣ್ಣಿನ ಒಲೆಯ ಗೋಡೆಗೆ ತಗುಲಿಸಿ ಸುಡುತ್ತಾಳೆ. ಪಕ್ಕದಲ್ಲಿ ಮೊರದಗಲದ ರೊಟ್ಟಿ. ಅತ್ತೆ ಮೊದಲ ದಿನ ‘ಮುದ್ದೆ ಇಲ್ದೆ ಎಂಗಮ್ಮಿ’ ಎಂದವರು ಎರಡನೇ ಮೀನಿಗೆ ಮುದ್ದೆಯ ಮಾತೆತ್ತಲಿಲ್ಲ. ಬೆಳಿಗ್ಗೆ ಈ ಊರಿನವರು ಮೊಳದುದ್ದದ ಬ್ರೆಡ್ಡನ್ನು ಕಬ್ಬಿನ ಜಲ್ಲೆಯಂತೆ ಕಂಕುಳಲ್ಲಿ ಇರುಕಿಕೊಂಡು ಓಡಾಡುತ್ತಾರೆ. ಮಧ್ಯಾಹ್ನ ‘ಖಾತ್’ ಅನ್ನುವ ಸೊಪ್ಪಿನ ಕಟ್ಟು ಬರುತ್ತದೆ. ಅದು ಬಂದ ಮೇಲೆ ಊರಿಗೆ ಊರೇ ಗೋಡೆಗೊರಗಿ ದವಡೆಯ ಒಂದು ಕಡೆ ಸೊಪ್ಪು ತುಂಬಿಕೊಂಡು ಮಂದವಾಗುತ್ತದೆ. ಟ್ಯಾಕ್ಸಿಯವನೂ ಅಷ್ಟೆ, ಪೋಲೀಸಿನವನೂ ಅಷ್ಟೆ. ‘ನಮ್ಮೋರು ಎಲೆ ಅಡ್ಕೆ ಆಕ್ಕೊಂಡು ನಾಟಿ ಮಾಡ್ತಾರೆ. ಇವ್ರು ಎಲೆ ಆಕ್ಕೊಂಡು ಗದ್ದೇನೇ ಮರ್ತವ್ರೆ’ ಎಂದು ಅತ್ತೆ ತೀರ್ಪು ಕೊಟ್ಟರು. ಗದ್ದೆ ಇಲ್ಲಿ ಎಲ್ಲಿದೆ ಎಂದು ನಾನು ಕೇಳಲಿಲ್ಲ. ಕಣ್ಣು ಹಾಯುವಷ್ಟು ದೂರ ಸುಟ್ಟ ಕಲ್ಲು, ಆಮೇಲೆ ಸಮುದ್ರ.

ಸಲ್ಮಾ ಕೂಡ ಏಡನ್ನಿನವಳು. ಅದೇ ಯುದ್ಧದಲ್ಲಿ ಆಡು ಸಾಗಿಸುವ ದೋಣಿಯಲ್ಲಿ, ಆಡುಗಳ ಮಧ್ಯೆ ಕೂತು ಈ ದಡಕ್ಕೆ ಬಂದವಳು. ನಾನು ಯಾಕೆ ಬಂದೆ ಎಂದು ಹೇಳಿದಾಗ ಮೀನು ತಿರುವುವುದನ್ನು ನಿಲ್ಲಿಸಿ, ‘ನಿನ್ನನ್ನು ಕೇಳಿಕೊಂಡು ಒಂದು ಹಡಗು ಬಂತು’ ಎಂದಳು. ಅಷ್ಟೇ ಹೇಳಿದ್ದು.

ದಂಡೆಯ ಸಂಜೆ

ನಮ್ಮ ಹಡಗು ಬಂದಿದೆಯೋ ಇಲ್ಲವೋ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಡಗಿನೊಳಗೆ ಹೊರಗಿನವರನ್ನು ಬಿಡುವುದೇ ಇಲ್ಲ ಎಂದು ಬಂದರಿನ ಕಾವಲಿನವನು ಕೈಯಾಡಿಸಿದ. ಅತ್ತೆಯ ಮುಖ ಬಾಡಿತು. ಇಬ್ಬರೂ ದಂಡೆಯ ಕಲ್ಲುಗಳ ಮೇಲೆ ಹೋಗಿ ಕೂತೆವು.

ಆ ಹೊತ್ತಿನ ಸಮುದ್ರವನ್ನು ಹೇಗೆ ಹೇಳಲಿ! ನೀರು ಎಲ್ಲಿ ಮುಗಿಯುತ್ತದೆ, ಆಕಾಶ ಎಲ್ಲಿ ಶುರುವಾಗುತ್ತದೆ ತಿಳಿಯುತ್ತಿರಲಿಲ್ಲ. ಬಿಸಿಲಿನ ಧೂಳು ಎಲ್ಲವನ್ನೂ ಹಾಲಿನ ಬಣ್ಣಕ್ಕೆ ತಿರುಗಿಸಿತ್ತು. ಆ ಬಿಳುಪಿನೊಳಗಿಂದ ಒಂದು ಬೂದು ಹಡಗು ಸದ್ದಿಲ್ಲದೆ ಮೂಡಿತು. ಚೂಪು ಮೂತಿ, ಮುಂದೊಂದು ಫಿರಂಗಿ, ನಡುವೆ ಗೋಪುರ. ನೀರಿನ ಮೇಲೆ ನಿಂತಿದೆಯೋ ತೇಲಿಬರುವ ಕನಸೋ ಎನ್ನುವಂತಿತ್ತು. ನಾನು ಆ ಹಡಗನ್ನು ನೋಡಿದ್ದಾದರೂ ಹೇಗೆ? ದೋಣಿಯಿಂದ ಕತ್ತೆತ್ತಿ, ಕಣ್ಣೀರಿನಲ್ಲಿ. ಇದೇ ಇರಬೇಕು ಎನಿಸಿತು.

‘ಅದೇಯಾ?’ ಎಂದರು ಅತ್ತೆ.

‘ಅದೇ ಅನ್ಸುತ್ತೆ ಅತ್ತೆ.’

‘ಒಳಕ್ಕಂತೂ ಬುಡಕಿಲ್ಲ ಅಂದ್ರು. ಇಲ್ಲಿಂದ್ಲೇ ಒಪ್ಪಿಸ್ಬುಡ್ತೀನಿ’ ಎಂದು ಎದ್ದರು. ನಾನು ಹಾಂ ಹೂಂ ಎನ್ನುವಷ್ಟರಲ್ಲಿ ಸಂಚಿಯ ಕರ್ಪೂರ ಹಚ್ಚಿ, ಗಂಟಿನ ಕಾಯಿಯನ್ನು ಮೂರು ಸಲ ನಿವಾಳಿಸಿ, ಈಡುಗಾಯಿಯ ಹಾಗೆ ಬಂಡೆಗೆ ಅಪ್ಪಳಿಸಿದರು. ಚಿಪ್ಪು ನಾಲ್ಕೂ ಕಡೆ ಹಾರಿತು. ಕಾಯಿಯ ನೀರು ಸಮುದ್ರಕ್ಕೆ ಸೇರಿತು.

ಕರ್ಪೂರದ ಬೆಂಕಿ ಕಂಡು ಕಾವಲಿನವನು ಓಡಿಬಂದ. ಬೈದ. ನಾನು ಕ್ಷಮೆ ಕೇಳಿ, ಅದು ನಮ್ಮ ದೇಶದ ಹಡಗು, ನಮ್ಮತ್ತೆ ಪೂಜೆ ಮಾಡಿದರು ಎಂದು ತಿಳಿಸಿ ಹೇಳಿದೆ. ಅವನು ಹಡಗನ್ನು ನೋಡಿದ, ನಮ್ಮತ್ತೆಯನ್ನು ನೋಡಿದ. ಅವನ ದವಡೆಯೊಳಗಿನ ಸೊಪ್ಪು ಈಚೆ ಬರುವ ಹಾಗೆ ನಕ್ಕ. ‘ಅದು ಜಪಾನಿನದು’ ಎಂದ.

ನಾನು ಕನ್ನಡದಲ್ಲಿ ಹೇಳಲು ಹಿಂದೆಮುಂದೆ ನೋಡಿದೆ. ಅತ್ತೆ ಬಿಡಬೇಕಲ್ಲ.

‘ಜಪಾನ್‌ನೋರ್ದು ಅಂತೆ ಅತ್ತೆ.’

‘ಅಯ್ಯೋ ನನ್ ಬಾಯಿಗ್ ಮಣ್ಣಾಕ! ಬೆಸಗರಳ್ಳಿ ಕಾಯ ತಂದು ಜಪಾನ್‌ನೋರ್ಗೆ ಒಡ್ದ್ನಾ?’ ಎಂದು ಬಂಡೆಯ ಮೇಲೆ ಕುಸಿದರು. ನನಗೆ ನಗು ತಡೆಯಲಾಗಲಿಲ್ಲ. ಆದರೆ ಅತ್ತೆ ನಗಲಿಲ್ಲ. ಚಿಪ್ಪಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದರು. ಆಗ ನನ್ನ ನಗುವೂ ನಿಂತಿತು.

ಗುಜರಾತಿ ಅಂಗಡಿ

ಕಾಯಿಲ್ಲದೆ ಮಡಿಲಕ್ಕಿ ಆಗುವುದಿಲ್ಲ. ಬೆಳಿಗ್ಗೆಯೇ ಕಾಯಿ ಹುಡುಕಲು ಹೊರಟೆವು. ಕಲ್ಲು ಉಪ್ಪು ಬೆಳೆಯುವ ದೇಶದಲ್ಲಿ ತೆಂಗಿನಮರ ಎಲ್ಲಿಂದ ಬರಬೇಕು? ಸಂತೆಯಲ್ಲಿ ಖರ್ಜೂರವಿತ್ತು, ಕಲ್ಲಂಗಡಿಯಿತ್ತು. ಕೊನೆಗೆ ಅಜ್ಜನ ಕಾಲದಿಂದ ಇಲ್ಲೇ ನೆಲೆಸಿರುವ ಗುಜರಾತಿ ವ್ಯಾಪಾರಿಯೊಬ್ಬನ ಅಂಗಡಿ ತೋರಿಸಿದರು. ಅವನು ಸಂಭ್ರಮದಿಂದ ಒಳಗೆ ಹೋಗಿ ಒಣ ಕಾಯಿತುರಿಯ ಪಾಕೀಟು ತಂದ.

ಅತ್ತೆ ಪಾಕೀಟನ್ನು ತಿರುಗಿಸಿ ಮುರುಗಿಸಿ ನೋಡಿ, ‘ಮಡ್ಲಿಗೆ ತುರಿ ತುಂಬ್ತಾರೇನಪ್ಪ?’ ಎಂದರು, ಅವನಿಗೆ ಕನ್ನಡ ಬಂದೇ ಬರುತ್ತದೆ ಎನ್ನುವ ಹಾಗೆ. ನಾನು ಹಿಂದಿಯಲ್ಲಿ ಎಲ್ಲ ಹೇಳಿದೆ. ಅವನು ಕತೆ ಕೇಳಿ ಗಲ್ಲಾಪೆಟ್ಟಿಗೆ ಮುಚ್ಚಿದ. ನಮ್ಮ ಹಡಗು ಇವತ್ತು ಬೆಳಿಗ್ಗೆ ಬಂದಿದೆಯಂತೆ. ಸಂಜೆ ಇಲ್ಲಿನ ಭಾರತೀಯರಿಗೆ ಒಳಗೆ ಬರಲು ಹೇಳಿದ್ದಾರಂತೆ, ಪಾಸ್‌ಪೋರ್ಟ್ ತಂದರೆ ತನ್ನ ಮನೆಯವರ ಜೊತೆ ನಮ್ಮನ್ನೂ ಕರೆದೊಯ್ಯುತ್ತಾನಂತೆ.

ನಾನು ಕುಣಿದಾಡಿದೆ. ಅತ್ತೆ ಕುಣಿಯಲಿಲ್ಲ. ‘ಬರಿಗೈಲಿ ಓಗಿ ಅದ್ರ ಮುಂದೆ ಎಂಗ್ ನಿಂತ್ಕಳನೆ?’ ಎಂದರು. ಜಪಾನಿಗೆ ಒಡೆಯದೆ ಇದ್ದಿದ್ದರೆ ಎಂದು ದಾರಿಯುದ್ದಕ್ಕೂ ಗೊಣಗಿದರು.

ಹಡಗು

ಹತ್ತಿರ ಹೋದಾಗ ನಿನ್ನೆಯ ಹಡಗಿಗೂ ಇದಕ್ಕೂ ಹೋಲಿಕೆಯೇ ಇರಲಿಲ್ಲ ಎನಿಸಿತು. ಉದ್ದಕ್ಕೆ ಹನಕೆರೆ ಸ್ಟೇಷನ್ನಿನ ಪ್ಲಾಟ್‌ಫಾರಂ ಇದ್ದಂತಿತ್ತು. ಬೂದು ಬಣ್ಣದ ಕೆಳಗೆ ಅಲ್ಲಲ್ಲಿ ಹಳೆಯ ತುಕ್ಕಿನ ಗುರುತು, ಅದರ ಮೇಲೆ ಮತ್ತೆ ಬಣ್ಣ. ಮೇಲೆ ನಮ್ಮ ಬಾವುಟ.

ಏಣಿಯ ಬುಡದಲ್ಲಿ ನಾವಿಕನೊಬ್ಬ ಅತ್ತೆಯ ಗಂಟು ಬಿಚ್ಚಿಸಿ, ಇದನ್ನೆಲ್ಲ ಒಳಗೆ ಒಯ್ಯುವಂತಿಲ್ಲ ಎಂದ. ಅತ್ತೆ ಗಂಟನ್ನು ಎದೆಗವುಚಿಕೊಂಡರು. ‘ಕೊಡಕಿಲ್ಲ ಅಂತ ಏಳು. ಇದ್ನ ಬುಟ್ಟು ನಾನೂ ಒಳಕ್ಕೆ ಬರಕಿಲ್ಲ.’ ಗಲಾಟೆಗೆ ಬಿಳಿ ಸಮವಸ್ತ್ರದ ಅಧಿಕಾರಿಯೊಬ್ಬಳು ಇಳಿದು ಬಂದಳು. ಹೆಸರು ವೈಶಾಲಿ, ಮಹಾರಾಷ್ಟ್ರದ ಹುಡುಗಿ. ಗಂಟಿನೊಳಗೆ ಇಣುಕಿದಳು, ನಮ್ಮತ್ತೆಯ ಮುಖ ನೋಡಿದಳು, ಏನೂ ಕೇಳದೆ ‘ನನ್ನ ಜವಾಬ್ದಾರಿ’ ಎಂದು ಒಳಗೆ ಬಿಟ್ಟಳು.

ಹಡಗು ತೋರಿಸಿದ್ದೂ ಅವಳೇ. ಮುಂದಿನ ಫಿರಂಗಿ, ಕ್ಷಿಪಣಿಗಳ ಮುಚ್ಚಳಗಳು, ನೀರಿನಡಿಯ ಜಲಾಂತರ್ಗಾಮಿಯ ಸದ್ದು ಹಿಡಿಯುವ ಯಂತ್ರವಿರುವ ಜಾಗ. ಅತ್ತೆ ಫಿರಂಗಿಯ ಕೆಳಗೆ ನಿಂತು ಕೇಳಿಯೇಬಿಟ್ಟರು: ‘ಇದು ಎಷ್ಟ್ ಜನಾನ ಸುಟ್ಟೈತೆ, ಕೇಳಮ್ಮಿ.’

ನಾನು ಹಿಂದಿಯಲ್ಲಿ ಕೇಳಿದೆ. ವೈಶಾಲಿ ತಲೆಯಾಡಿಸಿದಳು. ಮುಂಬೈಯಲ್ಲಿ ಕಟ್ಟಿದ ದಿನದಿಂದ ಈ ಹಡಗು ಅಭ್ಯಾಸದ ಗುರಿಗಳಿಗೆ ಬಿಟ್ಟು ಯಾರಿಗೂ ಕ್ಷಿಪಣಿ ಹಾರಿಸಿಲ್ಲವಂತೆ. ಕಡಲ್ಗಳ್ಳರ ಕಾಟವಿದ್ದಾಗ ಇದೇ ಕೊಲ್ಲಿಯಲ್ಲಿ ತಿಂಗಳುಗಟ್ಟಲೆ ಸರಕು ಹಡಗುಗಳ ಪಕ್ಕ ಕಾವಲು ನಡೆದಿದೆ. ಚಂಡಮಾರುತ ಬಡಿದ ದ್ವೀಪಗಳಿಗೆ ಅಕ್ಕಿ, ನೀರು, ಔಷಧಿ ಹೊತ್ತಿದೆ. ಕೆಟ್ಟು ನಿಂತ ದೋಣಿಗಳನ್ನು ಎಳೆದು ತಂದಿದೆ. ಮತ್ತೆ ಏಡನ್ನಿನಿಂದ ಜನರನ್ನು.

‘ಇಷ್ಟ್ ದಪ್ಪ ಗನ್ನು ಮಡಿಕ್ಕಂಡು ಅಕ್ಕಿ ಒತ್ತೈತಾ!’ ಎಂದು ಅತ್ತೆ ಫಿರಂಗಿಯ ಬುಡವನ್ನು ಹಸುವಿನ ಬೆನ್ನು ಸವರುವಂತೆ ಸವರಿದರು.

ನಾನು ಮಲಗಿದ್ದ ಜಾಗ ನೋಡಬೇಕು ಎಂದೆ. ಕೆಳಗಿಳಿದೆವು. ಇಕ್ಕಟ್ಟಾದ ಓಣಿ, ಎಣ್ಣೆಯ ವಾಸನೆ, ಗೋಡೆಯೊಳಗೆ ಎಲ್ಲೋ ಸಣ್ಣಗೆ ಗುಂಯ್‌ಗುಡುವ ಸದ್ದು. ಆ ಸದ್ದು ಕೇಳಿದ ಕೂಡಲೇ ನನಗೆ ಎಲ್ಲ ಬಂತು. ನಾವಿಕರು ತಮ್ಮ ಹಾಸಿಗೆ ನಮಗೆ ಬಿಟ್ಟು ಓಣಿಯಲ್ಲಿ ಕುಳಿತಿದ್ದರು. ನನ್ನ ಪಾಲಿಗೆ ಬಂದ ದಿಂಬಿನಲ್ಲಿ ತೆಂಗಿನೆಣ್ಣೆಯ ವಾಸನೆಯಿತ್ತು. ಅವ್ವನ ತಲೆಯ ವಾಸನೆ ಅದು. ವಾರಗಟ್ಟಲೆ ನಿದ್ದೆ ಕಾಣದವಳು ಅಲ್ಲಿ ಮುಖವಿಟ್ಟು ಮಗುವಿನ ಹಾಗೆ ಮಲಗಿಬಿಟ್ಟಿದ್ದೆ. ಈಗ ಅದೇ ಕಬ್ಬಿಣದ ಮಂಚದ ಅಂಚು ಹಿಡಿದು ನಿಂತೆ. ತಣ್ಣಗಿತ್ತು. ಇನ್ನು ಸ್ವಲ್ಪ ದಿನಕ್ಕೆ ಇದನ್ನು ಕತ್ತರಿಸುತ್ತಾರೆ ಎಂಬುದು ಮನಸ್ಸಿಗೆ ಹೋಗಲೇ ಇಲ್ಲ.

ಸೂರ್ಯ ಇಳಿಯುವ ಹೊತ್ತಿಗೆ ಹಿಂಬದಿಯ ಹೆಲಿಕಾಪ್ಟರ್ ಇಳಿಯುವ ಬಯಲಿಗೆ ಬಂದೆವು. ಬಂದವರೆಲ್ಲ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅತ್ತೆ ಒಂದು ಮೂಲೆಯಲ್ಲಿ ಗಂಟು ಬಿಚ್ಚಿ ಕೂತರು. ಅಕ್ಕಿ, ಬೆಲ್ಲ, ಬಾಡಿದ ಎಲೆ, ಹಸಿರು ಕಣ. ಕೂತರು, ಕೈ ಮಾತ್ರ ಮುಂದೆ ಹೋಗಲಿಲ್ಲ.

‘ಕಾಯಿಲ್ದ ಮಡ್ಲಕ್ಕೀನ ನಾನು ಯಾರ್ಗೂ ಕಟ್ಟಿಲ್ಲ ಬಾಗ್ಯ. ಸಾಯಾ ತಾಯ್ಗೆ ಕಟ್ಲಾ?’ ಎಂದು ಕಣ್ಣೊರೆಸಿಕೊಂಡರು. ಮಂಡಿಗೆ ಸೂಜಿ ಚುಚ್ಚಿದಾಗಲೂ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

ವೈಶಾಲಿ ಬಂದು ನಿಂತಳು. ‘ಓಟೀ?’ ಎಂದಳು.

ಅವಳ ಊರಿನಲ್ಲೂ ಇದೇ ಇದೆಯಂತೆ. ಇದೇ ಅಕ್ಕಿ, ಇದೇ ಕಣ, ಇದೇ ಕಾಯಿ. ಅಲ್ಲಿ ಅದಕ್ಕೆ ಓಟಿ ತುಂಬುವುದು ಎನ್ನುತ್ತಾರಂತೆ. ಕಾಯಿ ಎಲ್ಲಿ ಎಂದು ಕೇಳಿದಳು. ಜಪಾನಿನ ಕತೆ ಹೇಳಿದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ದಡದಡ ಇಳಿದು ಹೋಗಿ ಹಡಗಿನ ಅಡುಗೆಮನೆಯಿಂದ ಒಂದು ಜುಟ್ಟಿನ ಕಾಯಿ ತಂದಳು.

ಅತ್ತೆ ಅದನ್ನು ಮುಟ್ಟಲಿಲ್ಲ. ‘ಅವ್ರ ಮನೆ ಕಾಯ ತಕ್ಕೊಂಡು ಅವ್ರ್ಗೇ ತುಂಬಿದ್ರೆ ಅರಕೆ ತೀರ್ತದಾ? ಆಗಕಿಲ್ಲ.’

‘ಅತ್ತೆ, ಸಾಕು ಮಾಡಿ! ಕಾಯಿ ಸಿಕ್ಕಿದ್ದೇ ಪುಣ್ಯ’ ಎಂದು ರೇಗಿದೆ. ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಹೊರಗೆ ಹೋಗುವ ಹೊತ್ತಾಗಿತ್ತು, ಗುಜರಾತಿಯವನು ಏಣಿಯ ಹತ್ತಿರ ಕೈ ಬೀಸುತ್ತಿದ್ದ.

‘ಸುಮ್ಕಿರು ನೀನು’ ಎಂದು ಅತ್ತೆ ಯೋಚಿಸುತ್ತ ಕೂತರು. ಆಮೇಲೆ ಎರಡು ಅಚ್ಚುಬೆಲ್ಲದಲ್ಲಿ ಒಂದನ್ನು ಎತ್ತಿ ವೈಶಾಲಿಯ ಕೈಗಿಟ್ಟರು. ‘ಇದ್ನ ನಿಮ್ಮ ಅಡ್ಗೆಮನೆಗೆ ಕೊಡವ್ವ. ಬದ್ಲಿಗೆ ಕಾಯಿ ತಕ್ಕೊಂಡೆ. ಈಗ ಕಾಯಿ ನಂದು.’ ನಾನು ಅನುವಾದಿಸಿದೆ. ವೈಶಾಲಿ ಗಂಭೀರವಾಗಿ ತಲೆಬಾಗಿ ವ್ಯಾಪಾರ ಒಪ್ಪಿದಳು.

ಇನ್ನು ಹಡಗಿಗೆ ಮಡಿಲು ಎಲ್ಲಿದೆ? ಅತ್ತ ಇತ್ತ ನೋಡಿದೆವು. ವೈಶಾಲಿ ತಲೆಯ ಮೇಲಿನ ಬಿಳಿ ಟೋಪಿ ತೆಗೆದು, ಮಗುಚಿ, ಎರಡೂ ಕೈಯಲ್ಲಿ ಒಡ್ಡಿ ಮಂಡಿಯೂರಿದಳು. ಅತ್ತೆ ಅದರೊಳಗೆ ಕಣ ಹಾಸಿದರು. ಬೊಗಸೆಯಲ್ಲಿ ಅಕ್ಕಿ ಸುರಿದರು, ಕಾಯಿ ಇಟ್ಟರು, ಬೆಲ್ಲ ಇಟ್ಟರು, ಎಲೆ ಅಡಿಕೆ ಅರಿಶಿನದ ಕೊಂಬು ಇಟ್ಟರು. ಕಬ್ಬಿಣದ ನೆಲಕ್ಕೆ ಹಣೆ ಮುಟ್ಟಿಸಿ, ‘ತಾಯೀ, ನಿನ್ನ ಸಾಲ ತೀರ್ತು. ನೀನು ಎಲ್ಲೋದ್ರೂ ತಣ್ಣಗಿರು’ ಎಂದರು. ಸಮುದ್ರ ಕೆಂಪಾಗಿತ್ತು. ಫೋಟೋ ತೆಗೆಯುತ್ತಿದ್ದವರೂ ಕೈ ಇಳಿಸಿದ್ದರು.

ನಾನು ಅತ್ತೆಯನ್ನು ಎಬ್ಬಿಸಲು ಬಗ್ಗಿದೆ. ಆಗ ವೈಶಾಲಿ ನನ್ನನ್ನು ತಡೆದು, ಸೆರಗು ಹಿಡಿ ಎಂದು ಸನ್ನೆ ಮಾಡಿದಳು. ಮಡಿಲು ತುಂಬಿಸಿಕೊಂಡವರು ತುಂಬಿದವರಿಗೆ ಒಂದು ಹಿಡಿ ಮರಳಿಸುವುದು ಅವಳ ಮನೆಯ ಪದ್ಧತಿಯಂತೆ. ಅವ್ವನೂ ಹಾಗೇ ಮಾಡಿಸುತ್ತಿದ್ದಳು. ಆದರೆ ವೈಶಾಲಿ ಅದನ್ನು ಅತ್ತೆಗೆ ಕೊಡಲಿಲ್ಲ. ಟೋಪಿಯಿಂದ ಹಿಡಿ ಅಕ್ಕಿ ತೆಗೆದು ನನ್ನ ಸೆರಗಿಗೆ ಹಾಕಿದಳು. ಇನ್ನೊಂದು ಹಿಡಿ. ಮತ್ತೊಂದು ಹಿಡಿ. ಆಮೇಲೆ ಕಾಯನ್ನೂ ಎತ್ತಿ ಇಟ್ಟಳು. ‘ದೀದಿ, ನೀವು ಈ ಮನೆಯಿಂದ ಹೋದ ದಿನ ಬರಿ ಮಡಿಲಲ್ಲಿ ಹೋದಿರಿ’ ಎಂದಳು.

ಸೆರಗು ಜಗ್ಗಿತು. ಅದೇ ತೂಕ. ನನಗೆ ತಡೆಯಲಾಗಲಿಲ್ಲ, ಅಷ್ಟು ಜನರ ಮುಂದೆ ಗೊಳೋ ಎಂದು ಅತ್ತುಬಿಟ್ಟೆ.

ವೈಶಾಲಿ ಗಾಬರಿಯಾಗಿ ನನ್ನ ಭುಜ ಹಿಡಿದಳು. ಅತ್ತೆ ಅವಳ ಕೈ ಸರಿಸಿ, ನನ್ನ ಸೆರಗಿನ ತುದಿಗಳನ್ನು ಸೇರಿಸಿ ಸೊಂಟಕ್ಕೆ ಬಿಗಿಯಾಗಿ ಕಟ್ಟಿದರು.

‘ಬುಡವ್ವ, ಅಳ್ಲಿ’ ಎಂದರು. ‘ತವ್ರಿಂದ ಒರಡೋವಾಗ ಅಳ್ದೆ ನಗ್ತಾರಾ?’